ಪಾಕದ ಸಪ್ಪಳ

ಅನ್ನಪೂರ್ಣ ಎರಡನೆಯ ಕ್ಯಾಮೆರಾವನ್ನು ಕೆಳಗಿಟ್ಟು ಮತ್ತೆ ಮೊದಲನೆಯದನ್ನೇ ಎತ್ತಿಕೊಂಡಳು. ಹೊಸಪೇಟೆಯ ಈ ಅಂಗಡಿಗೆ ಬಂದದ್ದು ಇದು ಮೂರನೆಯ ಸಲ. ಕಂಪ್ಲಿಯ ತಮ್ಮ ಆಲೆಮನೆಯ ವಿಡಿಯೋಗಳಿಗೆ ಯಾವುದು ಸರಿ ಎಂಬುದು ಇನ್ನೂ ಬಗೆಹರಿದಿರಲಿಲ್ಲ. ಅಪ್ಪ ಅಂಜಿನಯ್ಯ ಬಾಗಿಲಿಗೂ ಗಾಜಿನ ಕಪಾಟಿಗೂ ನಡುವೆ ಶತಪಥ ಹಾಕುತ್ತಿದ್ದ. "ಜಲ್ದಿ ಮುಗಿಸವಾ, ಒಲಿ ಹಚ್ಚೋ ಹೊತ್ತಾತು."

"ಮೊದ್ಲು ಎಡಿಟಿಂಗ್ ಸಾಫ್ಟ್‌ವೇರ್ ನೋಡ್ರಿ ಅಕ್ಕಾ," ಎಂದ ಅಂಗಡಿಯ ವಿಜಯಕುಮಾರ್, ಅವಳ ಫೋನಿನಲ್ಲಿದ್ದ ವಿಡಿಯೋವನ್ನೇ ಕಂಪ್ಯೂಟರಿಗೆ ಹಾಕಿ ಒಂದು ಗುಂಡಿ ಒತ್ತಿದ. "ಬ್ಯಾಡಾದ ಗದ್ದಲ ಎಲ್ಲಾ ಹೋತು, ನೋಡ್ರಿ." ಪರದೆಯಲ್ಲಿ ಅಂಜಿನಯ್ಯ ಕುದಿಯುವ ಪಾಕದ ಹನಿಯನ್ನು ನೀರಿಗೆ ಬಿಟ್ಟು, ಗಟ್ಟಿಯಾದ ಉಂಡೆಯನ್ನು ತಟ್ಟೆಗೆ ಬಡಿದ. ಸದ್ದೇ ಬರಲಿಲ್ಲ. ಆದರೂ ಕೊಪ್ಪರಿಗೆ ಇಳಿಸಲು ಬಾಗಿದ.

"ಲೇ, ಇಳಸಬ್ಯಾಡ!" ಅಂಗಡಿಯಲ್ಲಿ ನಿಂತಿದ್ದ ಅಂಜಿನಯ್ಯ ಪರದೆಯೊಳಗಿನ ತನ್ನನ್ನೇ ಗದರಿದ. "ಟಣ್ ಅನ್ನಲಿಲ್ಲ. ಪಾಕ ಇನ್ನಾ ಬಂದಿಲ್ಲ."

ಅನ್ನಪೂರ್ಣ ಎರಡೂ ಕ್ಯಾಮೆರಾಗಳನ್ನು ವಿಜಯಕುಮಾರನ ಕಡೆಗೆ ಸರಿಸಿದಳು.

"ಇವು ಇರ್ಲಿ. ಚಲೋ ಮೈಕ್ ಯಾವುದೈತಿ, ತೋರಿಸ್ರಿ."