ಏಳು ದಿನದ ನೀರುಗಂಜಿ

ಹೊರಗೆ ದುಡಿಯಲು ನಮ್ಮಲ್ಲಿ ಯಾರೂ ಯಾರನ್ನೂ ಕಳಿಸುವುದಿಲ್ಲ. ಗಂಜಿ ಬಡಿಸುತ್ತಾರೆ, ಅಷ್ಟೆ. ಗಟ್ಟಿ ಗಂಜಿ ಉಂಡವರು ಒಳಗೆ ಊರಿನ ಕೂಸುಗಳನ್ನು ಸಾಕುತ್ತಾರೆ. ಏಳು ದಿನ ನೀರುಗಂಜಿ ಉಂಡವರ ಕಾಲು ತಾನಾಗಿಯೇ ಹೊರಬಾಗಿಲಿಗೆ ನಡೆಯುತ್ತದೆ. ಹೋದವರು ತಿಂಗಳು ಬದುಕಿದರೆ ಹೆಚ್ಚು.

ತಂಗಿ ಬಾಳವ್ವನ ಪಾಲಿಗೆ ನೀರುಗಂಜಿ ಬಂದಾಗ, ಬಡಿಸುವವಳು ನಾನೇ ಆದ್ದರಿಂದ, ಕದ್ದು ನಮ್ಮಿಬ್ಬರ ಬಟ್ಟಲು ಅದಲುಬದಲು ಮಾಡಿದೆ.

"ನೀ ಹ್ವಾದ್ರ ನಾ ಹ್ಯಾಂಗ ಇರ್ಲಿ ಅಕ್ಕಾ?" ಎಂದು ಅಳುತ್ತಲೇ ಉಂಡಳು. ದಿನದಿನಕ್ಕೆ ಅವಳ ಅಳು ಕಡಿಮೆಯಾಯಿತು.

ಎಂಟನೆಯ ಬೆಳಿಗ್ಗೆ ನನ್ನ ಕಾಲು ಹೊಸ್ತಿಲು ದಾಟಿತು. ತಿರುಗಿ ನೋಡಿದೆ. ಬಾಳವ್ವ ತೊಟ್ಟಿಲು ತೂಗುತ್ತಿದ್ದಳು, ತಲೆ ಎತ್ತಲಿಲ್ಲ.

"ಯಾರ‍್ರೀ ಅದು? ಬಾಗಲಾ ಹಾಕ್ಕೊಂಡ ಹೋಗ್ರಿ, ಕೂಸಿಗೆ ಥಂಡಿ ಗಾಳಿ ಬಡೀತೈತಿ."