ಎಸರಿನ ಮುಚ್ಚಳ

ಮುದ್ದೆಯ ಎಸರು ಕುದಿಯುವ ವಾಸನೆ ಬಂದರೆ ಈಗಲೂ ಮುಚ್ಚಳ ಎತ್ತಿ ನೋಡುತ್ತೇನೆ. ಚಿಂತೆ ಮಾಡುವುದಕ್ಕೆ ನನಗೆ ಕಾರಣವೇ ಬೇಕಿಲ್ಲ.

ನಾನು ಚಿಕ್ಕವನಿದ್ದಾಗ ಒಂದು ದಿನ ಮಧುಗಿರಿಯ ಮನೆಯಲ್ಲಿ ಅಪ್ಪ ತಾತನೊಡನೆ ಜಗಳವಾಡಿ, "ಇನ್ನು ಈ ಮನೆಗೆ ಬರಾಕಿಲ್ಲ" ಎಂದು ಸಿರಾ ರಸ್ತೆ ಹಿಡಿದಿದ್ದರು. ನಾನು ಒಲೆಯ ಮುಂದೆ ಅಳುತ್ತಿದ್ದೆ. ಸ್ಕೂಲು ಮೇಷ್ಟರಾಗಿದ್ದ ಚಿಕ್ಕಪ್ಪ ಸಮಾಧಾನಕ್ಕೆಂದು ಪಾಠವನ್ನೇ ಶುರು ಮಾಡಿದರು.

"ನೋಡ್ಲಾ, ಮುಚ್ಚಳಕ್ಕೆ ತಾಕಿದ ಆವಿ ತಣ್ಣಗಾಗಿ ತಿರುಗಿ ನೀರಾಯ್ತು. ಸುತ್ತಲ ಗಾಳಿ ಅನಿಲ. ಅದು ಇಷ್ಟು ತಣಿವಿಗೆಲ್ಲ ಹನಿಯಾಗಲ್ಲ."

ನನ್ನ ಅಳು ಜೋರಾಯಿತು. "ಅಪ್ಪ ಯಾವ್ದು?"

ಅಜ್ಜಿ ಎಸರಿಗೆ ಹಿಟ್ಟು ಸುರಿಯುತ್ತ, "ಆವಿ ಕಣ್ಲಾ. ತಣ್ಣಗಾದ್ರೆ ಬತ್ತಾನೆ ಬುಡು. ಅವನ ಪಾಲಿನ ಹಿಟ್ಟೂ ಹಾಕಿವ್ನಿ" ಅಂದಳು.

ಸಂಜೆ ಅಪ್ಪ ಬಾಗಿಲಲ್ಲಿ ನಿಂತಿದ್ದರು. ನಾನು ಮೊದಲು ನೋಡಿದ್ದು ಅವರ ಹಣೆಯನ್ನು. ತುಂಬ ಹನಿಗಳಿದ್ದವು.