ತೇಗ ಅಂತಲೇ ಬರೀರಿ

ಬ್ಯಾಂಕ್ ಖಾತೆಯ ಸಂಖ್ಯೆ ತುಂಬುವ ಜಾಗ ಬಂದಾಗ ರೆತ್ನಾಳ ಬೆರಳು ನಿಂತಿತು.

ಎದುರಿಗೆ ಕೂತಿದ್ದ ವಾರ್ಸಿತೊ ಅದನ್ನು ಗಮನಿಸಲಿಲ್ಲ. ಕರಿದ ತೆಂಪೆ ಮೆಲ್ಲುತ್ತ ಪಾಸ್‌ಬುಕ್ಕು, ಗುರುತಿನ ಚೀಟಿ, ತೆರಿಗೆ ಕಾಗದ ಎಲ್ಲವನ್ನೂ ಅವಳ ಮುಂದೆ ತಳ್ಳಿದ್ದ. ಫೋನನ್ನೂ ಅವಳ ಕೈಗೇ ಕೊಟ್ಟಿದ್ದ.

"ಓಟಿಪಿ ಬಂದ್ರೆ ನೀವೇ ನೋಡ್ಕೊಳ್ಳಿ ಬು. ನಂಗೆ ಇವೆಲ್ಲ ತಲೆಗೆ ಹತ್ತಲ್ಲ."

ಜೆಪಾರದಲ್ಲಿ ಕೆತ್ತನೆಯ ಮಂಚ, ಕಪಾಟು ಮಾರುವವರಿಗೆಲ್ಲ ಬು ರೆತ್ನಾ, ಅಂದರೆ ರೆತ್ನಾ ಅಮ್ಮ, ಬೇಕು. ವೆಬ್‌ಸೈಟು ಮಾಡಿಕೊಡುವವಳು ಅವಳು, ಕಾರ್ಡಿನಲ್ಲಿ ಹಣ ಪಡೆಯುವ ವ್ಯವಸ್ಥೆ ಕೂರಿಸಿಕೊಡುವವಳೂ ಅವಳೇ. ವಾರ್ಸಿತೊನ ಅಂಗಡಿಗೆ ಈಗ ಅದೇ ಬೇಕಾಗಿತ್ತು.

"ಹಾಲೆಂಡಿನವರು, ಆಸ್ಟ್ರೇಲಿಯಾದವರು ಮಂಚ ನೋಡಿ ಬಾಯಿ ಬಿಡ್ತಾರೆ ಬು. ದುಡ್ಡು ಬ್ಯಾಂಕಿಗೆ ಹಾಕಿ ಅಂದ್ರೆ ಮಾಯ! ಕಾರ್ಡ್ ತಗೋತೀರಾ ಅಂತಾರೆ. ಅದೇನು ಹುಚ್ಚೋ."

"ಅವರ ರೂಢಿ ಪಾಕ್," ಯಜಮಾನರೇ ಎನ್ನುವ ಮರ್ಯಾದೆಯಲ್ಲಿ ಎಂದಳು ರೆತ್ನಾ.

ಅವಳು ಯಾರೆಂದು ಅವನಿಗೆ ಗೊತ್ತಿರಲಿಲ್ಲ. ಗೊತ್ತಾಗುವುದು ಹೇಗೆ? ನಾಲ್ಕು ವರ್ಷದ ಹಿಂದೆ ಕುದುಸ್‌ನಲ್ಲಿದ್ದ ಅವಳ ಅಪ್ಪ ಮುರ್ಸಿದಿಯೊಡನೆ ಅವನು ಮಾತಾಡಿದ್ದೆಲ್ಲ ಫೋನಿನಲ್ಲೇ. ಓಣಿಯ ಮಸೀದಿಗೆ ತೇಗದ ಪ್ರವಚನ ಪೀಠ ಮಾಡಿಸಲು ಮನೆಮನೆ ತಿರುಗಿ ಚಂದಾ ಎತ್ತಿದವನು ಮುರ್ಸಿದಿ. ಅದನ್ನಷ್ಟೂ ವಾರ್ಸಿತೊನ ಖಾತೆಗೆ ಹಾಕಿದ. ಪೀಠ ಬಂತು. ಮೊದಲ ಮಳೆಗಾಲಕ್ಕೇ ಬಣ್ಣ ಸುಲಿದು ಒಳಗಿನ ಅಗ್ಗದ ಮರ ಹಲ್ಲು ಕಿರಿಯಿತು. ವಾರ್ಸಿತೊ ಫೋನೆತ್ತುವುದನ್ನು ನಿಲ್ಲಿಸಿದ. ನೀವಾಗಿ ಕಳಿಸಿದ ಹಣ, ನಮ್ಮಿಂದ ಏನೂ ಆಗದು ಎಂದಿತು ಬ್ಯಾಂಕು.

"ಮುದುಕ ಎಷ್ಟು ನುಂಗಿದನೋ," ಎಂದಿತು ಓಣಿ.

ಮುರ್ಸಿದಿ ಮಸೀದಿಗೆ ಹೋಗುವುದನ್ನು ಬಿಟ್ಟ. ಉಪವಾಸದ ತಿಂಗಳು ಮುಗಿದು ಒಬ್ಬರನ್ನೊಬ್ಬರು ಕ್ಷಮೆ ಕೇಳುವ ಲೆಬರಾನ್ ಹಬ್ಬದ ದಿನವೂ ಬಾಗಿಲು ಹಾಕಿಕೊಂಡು ಒಳಗೇ ನಮಾಜು ಮಾಡಿದ. ಕ್ಷಮೆ ಕೇಳುವುದಕ್ಕಾಗಲೀ ಕೊಡುವುದಕ್ಕಾಗಲೀ ಒಬ್ಬರೂ ಆ ಮೆಟ್ಟಿಲು ಹತ್ತಲಿಲ್ಲ. ಮರುವರ್ಷ ಉಪವಾಸದ ತಿಂಗಳಲ್ಲಿ ತೀರಿಕೊಂಡ. ಹೆಣ ಹೊರಲು ಬಂದವರೂ ತಲೆ ತಗ್ಗಿಸಿಕೊಂಡೇ ಬಂದರು.

ರೆತ್ನಾ ಹೊಲಿಗೆ ಬಿಟ್ಟಳು. ಈ ಕೆಲಸ ಕಲಿತಳು. ಜೆಪಾರದಲ್ಲಿ ಬಾಡಿಗೆ ಮನೆ ಹಿಡಿದಳು. ಹತ್ತಾರು ಅಂಗಡಿಗಳಿಗೆ ಒಂದು ದೂರೂ ಬಾರದಂತೆ ಕೆಲಸ ಮಾಡಿಕೊಟ್ಟಳು. ವಾರ್ಸಿತೊನ ಹತ್ತಿರ ಅವಳಾಗಿ ಹೋಗಲಿಲ್ಲ. ಅವನೇ ಬಂದ.

ಈಗ ಅವನ ಫೋನು ಅವಳ ಎಡಗೈಯಲ್ಲಿತ್ತು. ಮೇಜಿನ ಖಾನೆಯಲ್ಲಿ ಅವಳ ಸ್ವಂತ ಪಾಸ್‌ಬುಕ್ಕಿತ್ತು. ಅವಳು ಒಂದೊಂದೇ ಅಂಕಿ ಒತ್ತಿದಳು. ವಾರ್ಸಿತೊ ತಿರುಗಿಯೂ ನೋಡಲಿಲ್ಲ.

"ಮರ ಯಾವುದು ಅಂತ ಬರೀಬೇಕು. ತೇಗ ಅಂತಲೇ ಬರೀಲಾ? ಯೋಚ್ನೆ ಮಾಡಿ ಹೇಳಿ ಪಾಕ್."

"ಮತ್ತೇನು, ಮಾವು ಅಂತ ಬರೀತೀರಾ? ತೇಗ ಅಂತಲೇ ಬರೀರಿ. ದಪ್ಪಕ್ಷರದಲ್ಲಿ!"

"ಹೇಳಿದ ಮರ ಅಲ್ಲದಿದ್ರೆ ಪೂರ್ತಿ ಹಣ ವಾಪಸ್ ಅಂತ ಒಂದು ಸಾಲು ಹಾಕ್ಬೇಕು. ಕಾರ್ಡ್ ಕಂಪನಿಯವರು ಕೇಳ್ತಾರೆ."

"ಹಾಕಿ, ಹಾಕಿ. ನಾನು ಕೊಟ್ರೆ ತಾನೇ ವಾಪಸ್ಸು?" ವಾರ್ಸಿತೊ ನಕ್ಕ. 'ಒಪ್ಪಿದ್ದೇನೆ' ಎಂಬಲ್ಲಿ ಎಣ್ಣೆಗೈಯಿಂದ ತಾನೇ ಒತ್ತಿದ. "ನಿಮ್ಮ ಕೂಲಿ ಎಷ್ಟು ಬು?"

"ಮೊದಲು ವ್ಯಾಪಾರ ಆಗ್ಲಿ. ಕೂಲಿ ಎಲ್ಲಿ ಹೋಗುತ್ತೆ?"

ನಾಲ್ಕು ತಿಂಗಳಾದ ಮೇಲೆ ಒಂದು ಬೆಳಿಗ್ಗೆ ಅವನು ಚಪ್ಪಲಿ ಸಮೇತ ಒಳಗೆ ನುಗ್ಗಿದ.

"ಕಳ್ಳಿ! ಖಾತೆ ನಂಬರು ಬದಲಾಯಿಸಿದೀಯ! ಮೊದಮೊದಲು ಸರಿಯಾಗೇ ಬರ್ತಿತ್ತು. ಈಗ ಒಂದು ರುಪಿಯಾ ಇಲ್ಲ. ಮೇಲಿಂದ ನಾನೇ ಕೊಡ್ಬೇಕಂತೆ! ಫೋನು ನಿನ್ನ ಕೈಲಿತ್ತಲ್ಲ ಅವತ್ತು, ಎಷ್ಟು ಹೊಡೆದೆ ಹೇಳು!"

ರೆತ್ನಾ ಪರದೆಯನ್ನು ಅವನ ಕಡೆಗೆ ತಿರುಗಿಸಿದಳು. "ಪಾಸ್‌ಬುಕ್ ತಂದಿದೀರಾ? ಹೋಲಿಸಿ ನೋಡಿ."

ಅವನು ಬೆರಳಿಟ್ಟು ಓದಿದ. ಮತ್ತೊಮ್ಮೆ ಓದಿದ. ಹೆಸರು ಅವನದೇ. ಖಾತೆಯೂ ಅವನದೇ. ಒಂದಂಕಿಯೂ ಆಚೀಚೆ ಆಗಿರಲಿಲ್ಲ.

"ಹಾಗಾದ್ರೆ ದುಡ್ಡೆಲ್ಲಿ?"

ಅವಳು ಇನ್ನೊಂದು ಪುಟ ತೆರೆದಳು. ಉದ್ದಕ್ಕೂ ಕೆಂಪು ಸಾಲುಗಳು. ರಾಟರ್‌ಡ್ಯಾಮ್: ತೇಗವೆಂದು ಮಾವಿನ ಮರ ಕಳಿಸಿದ್ದಾರೆ, ಹಣ ಗಿರಾಕಿಗೆ ಮರಳಿಸಲಾಗಿದೆ. ಪರ್ತ್: ಬಣ್ಣ ಸುಲಿದಿದೆ, ಹಣ ಮರಳಿಸಲಾಗಿದೆ. ಮರಳಿಸಲಾಗಿದೆ. ಮರಳಿಸಲಾಗಿದೆ.

"ನನ್ನ ಕೈಗೆ ಬಂದ ದುಡ್ಡನ್ನ ಕಾರ್ಡ್ ಕಂಪನಿಯವರು ಹೇಗೆ ಮರಳಿಸ್ತಾರೆ? ಹಡಗಿನ ಬಾಡಿಗೆ ನಾನು ಕಟ್ಟಿದೀನಿ! ಮಂಚ ಗಿರಾಕಿ ಮನೇಲಿದೆ! ನಿಲ್ಸು ಇದನ್ನ. ಕಿತ್ತಾಕು!"

"ಕಿತ್ತಾಕ್ತೀನಿ. ಆದ್ರೆ ಈಗಾಗಲೇ ಮಾರಿದೀರಲ್ಲ, ಆ ದೂರು ಬರೋದು ನಿಲ್ಲಲ್ಲ."

ವಾರ್ಸಿತೊ ಕುರ್ಚಿಯ ಮೇಲೆ ಕುಸಿದ. ದನಿ ಇಳಿಯಿತು, ಬಹುವಚನವೂ ವಾಪಸ್ ಬಂತು. "ಹದಿನೈದು ವರ್ಷದಿಂದ ಇದೇ ಮಾಲು ಮಾರ್ತಿದೀನಿ ಬು. ಎಷ್ಟು ಜನ ಅತ್ತಿದಾರೆ, ಬೈದಿದಾರೆ. ಒಬ್ಬರಿಗೂ ಒಂದು ರುಪಿಯಾ ವಾಪಸ್ ಹೋಗಿಲ್ಲ!"

"ಗೊತ್ತು ಪಾಕ್. ಅವರಲ್ಲೊಬ್ಬರು ಕುದುಸ್‌ನ ಮುರ್ಸಿದಿ, ನಮ್ಮಪ್ಪ," ಎಂದಳು ರೆತ್ನಾ. "ಪಾಪ, ಅವರೆಲ್ಲ ಬ್ಯಾಂಕಿಗೆ ಹಾಕಿದ್ರು. ಕೊಟ್ಟ ದುಡ್ಡನ್ನ ಗಿರಾಕಿ ವಾಪಸ್ ಕಿತ್ಕೊಳ್ಳೋ ದಾರಿ ಇರೋದು ಕಾರ್ಡಲ್ಲಿ. ಅದಕ್ಕೇ ನಿಮಗೆ ಅದನ್ನ ಒಂದಕ್ಷರ ತಪ್ಪಿಲ್ಲದ ಹಾಗೆ ಮಾಡಿಕೊಟ್ಟೆ."